ಎಡಗಡೆಯ ಕ್ಲಾಂಪ್

ಅಕ್ಟೋಬರ್ 1, ಮಂಗಳವಾರ

ಗ್ಯಾರೇಜಿನ ಹೀಟರ್ ಹಚ್ಚಿದೆ, ಈ ವರ್ಷ ಮೊದಲ ಸಲ. ಲೋಹ ಕೊರೆಯುವ ಮಿಲ್ಲಿಂಗ್ ಮಷಿನ್ನಿನ ಟೇಬಲ್ ಒರೆಸಿ ಎಣ್ಣೆ ಬಿಟ್ಟೆ. ಪಕ್ಕದ ಮನೆಯವರ ಹಿಮ ತಳ್ಳುವ ಯಂತ್ರಕ್ಕೆ ಒಂದು ಬುಷ್ ಬಾಕಿಯಿತ್ತು — ಹನ್ನೊಂದಕ್ಕೆ ಮುಗಿಯಿತು. ಮಾರ್ಸಿ ಲೈಬ್ರರಿಗೆ ಹೋಗಿದ್ದಳು. ರಿಟೈರಾದ ಗಂಡ ಮನೆಯಲ್ಲಿ, ಹೆಂಡತಿ ಕೆಲಸಕ್ಕೆ. ಸೂಪ್ ಬಿಸಿ ಮಾಡಿಕೊಳ್ಳುತ್ತಿದ್ದೆ, ಅಂಗಳಕ್ಕೆ ಪಿಕಪ್ ಬಂದು ನಿಂತಿತು.

ವೆಂಡೆಲ್ ಟ್ರೆವಾರೊ.

ಗಣಿಯ ವರ್ಕ್‌ಶಾಪಿನಲ್ಲಿ ಹದಿನಾರು ವರ್ಷ ನಮ್ಮಿಬ್ಬರದು ಒಂದೇ ಮಷಿನ್. ನಾನು ಮೊದಲ ಪಾಳಿ, ಅವನು ಎರಡನೇ ಪಾಳಿ. ಆಮೇಲಿನ ಇಪ್ಪತ್ತಾರು ವರ್ಷ ಬರೀ ತಲೆಯಾಡಿಸುವ ಸಂಬಂಧ — ಅಂಗಡಿಯಲ್ಲಿ, ಯೂನಿಯನ್ ತಿಂಡಿಯಲ್ಲಿ, ಯಾರದಾದರೂ ಅಂತ್ಯಕ್ರಿಯೆಯಲ್ಲಿ. ಈ ಮನೆ ಬಾಗಿಲಿಗೆ ಬಂದವನಲ್ಲ.

ಕಂಬಳಿಯಲ್ಲಿ ಸುತ್ತಿದ್ದ ರೈಫಲ್ ತಂದು ಬೆಂಚಿನ ಮೇಲಿಟ್ಟ. ಜಪಾನಿನದು. ಅವನ ಅಪ್ಪ ಯುದ್ಧ ಮುಗಿಸಿ ಪೆಸಿಫಿಕ್ ಕಡೆಯಿಂದ ತಂದಿದ್ದು.

"ಈ ನವೆಂಬರಿಗೆ ಅಪ್ಪ ಹುಟ್ಟಿ ನೂರು ವರ್ಷ ಕಣೋ ಒನ್ನಿ. ಜಿಂಕೆ ಸೀಸನ್ ಶುರುವಾಗೋ ದಿನ ಇದನ್ನೇ ತಗೊಂಡು ಕಾಡಿಗೆ ಹೋಗ್ಬೇಕು ಅಂತಿದೆ."

"ತೋಟಾ?"

"ಅದೇ ತಾಪತ್ರಯ. ಇದರ ತೋಟಾ ಸುತ್ತಮುತ್ತ ಯಾವ ಅಂಗಡೀಲೂ ಇಲ್ಲ. ನಮ್ಮ ಮಾಮೂಲಿ ರೈಫಲ್ಲಿನ ತೋಟಾದ ಖಾಲಿ ಹಿತ್ತಾಳೆ ಕೇಸನ್ನೇ ಡೈ ಅಚ್ಚಲ್ಲಿ ಒತ್ತಿ ಈ ಆಕಾರಕ್ಕೆ ತಂದಿದೀನಿ. ಆದ್ರೆ ಕತ್ತು ಉದ್ದ ಬಂದಿದೆ. ಐದೂವರೆ ಮಿಲಿಮೀಟರ್ ಕತ್ತರಿಸ್ಬೇಕು. ಕೈಯಲ್ಲಿ ತಿರುಗಿಸೋ ಟ್ರಿಮ್ಮರಿಗೆ ಎರಡು ಕೈ ಬೇಕು. ನಂಗಿರೋದು ಒಂದೂವರೆ."

ತಾನೇ ನಕ್ಕ. ಎಡಗೈ ಎತ್ತಿ ತೋರಿಸಿದ. ಹೆಬ್ಬೆರಳಿದೆ, ಕಿರುಬೆರಳಿದೆ. ನಡುವೆ ಏನೂ ಇಲ್ಲ.

ನಾನು ರೈಫಲ್ ನೋಡುತ್ತಿದ್ದೆ. ಕೈ ನೋಡಲಿಲ್ಲ.

ಮೂವತ್ತು ಕೇಸ್ ಬಿಟ್ಟು ಹೋದ. ಇಪ್ಪತ್ತು ಸರಿಯಾಗಿ ಬಂದರೆ ಸಾಕಂತೆ, ಹತ್ತು ಹಾಳು ಮಾಡಲಿಕ್ಕೆ. ಸೂಪ್ ತಳ ಹಿಡಿದಿತ್ತು.

ಅಕ್ಟೋಬರ್ 3, ಗುರುವಾರ

ಮೊದಲ ಹಾಳು. ಕೇಸನ್ನು ವಿ ಆಕಾರದ ತೋಡು ಕೊರೆದ ಬ್ಲಾಕಿಗೆ ಆನಿಸಿ ವೈಸಿನಲ್ಲಿ ಹಿಡಿದೆ. ಸಡಿಲ ಬಿಟ್ಟರೆ ಕಟರ್ ಮುಟ್ಟಿದ ಕೂಡಲೇ ಸುತ್ತುತ್ತದೆ. ಕಾಲು ಸುತ್ತು ಹೆಚ್ಚು ಬಿಗಿ ಮಾಡಿದೆ — ಹೊಟ್ಟೆ ಅಪ್ಪಚ್ಚಿಯಾಗಿ ಮೊಟ್ಟೆಯಾಕಾರಕ್ಕೆ ಬಂತು. ತೆಳು ಹಿತ್ತಾಳೆ. ನಲವತ್ತು ವರ್ಷ ಬೀಡು ಕಬ್ಬಿಣ, ಉಕ್ಕು ಹಿಡಿದ ಕೈಗೆ ಇದರ ಅಂದಾಜೇ ಇಲ್ಲ.

ಊಟಕ್ಕೆ ಕೂತಾಗ ಮಾರ್ಸಿ ಕೇಳಿದಳು, "ಉದ್ದ ಒಂಚೂರು ಆಚೀಚೆಯಾದ್ರೆ ಏನಾಗತ್ತೆ?"

ಹೇಳಿದೆ. ಕತ್ತು ಉದ್ದವಾದರೆ ರೈಫಲ್ಲಿನೊಳಗೆ ಮುಂದಿನ ಅಂಚಿಗೆ ಒತ್ತಿಕೊಂಡು ಗುಂಡನ್ನೇ ಕಚ್ಚಿ ಹಿಡಿಯುತ್ತದೆ. ಗುಂಡು ಸಲೀಸಾಗಿ ಬಿಡದಿದ್ದರೆ ಒಳಗಿನ ಒತ್ತಡ ಏರುತ್ತದೆ. ಅದೆಲ್ಲ ನಡೆಯುವುದು ಹೊಡೆಯುವವನ ಕೆನ್ನೆಯಿಂದ ನಾಲ್ಕು ಬೆರಳು ದೂರದಲ್ಲಿ.

"ಹಾಗಾದ್ರೆ ಸರಿಯಾಗಿ ಹಿಡಿ," ಅಂದಳು. ಆಲೂಗಡ್ಡೆ ಬಡಿಸಿದಳು.

ಅಕ್ಟೋಬರ್ 5, ಶನಿವಾರ, ಬೆಳಿಗ್ಗೆ

ಇದನ್ನು ಎಲ್ಲೂ ಬರೆದಿಲ್ಲ. ಈ ಪುಸ್ತಕಗಳಲ್ಲೂ ಇಲ್ಲ. ಬರೆದುಬಿಡುತ್ತೇನೆ.

1998ರ ಏಪ್ರಿಲ್. ಪಂಪಿನ ಬೇರಿಂಗ್ ಕ್ಯಾಪ್, ಒಂದು ಕರುವಿನಷ್ಟು ತೂಕ. ಎರಡನೇ ಪಾಳಿಗೆಂದು ಆ ತುಂಡನ್ನು, ಅಂದರೆ ಜಾಬನ್ನು, ಮಷಿನ್ ಮೇಲೆ ಕೂರಿಸಿ ಕಟ್ಟುವುದು ನನ್ನ ಕೆಲಸ. ಅಲ್ಲಾಡದಂತೆ ಒತ್ತಿ ಹಿಡಿಯಲು ಎರಡು ಕ್ಲಾಂಪ್. ಬಲಗಡೆಯದನ್ನು ಸ್ಪ್ಯಾನರಿನಲ್ಲಿ ಬಿಗಿದೆ. ಎಡಗಡೆಯದರ ನಟ್ ಕೈಯಲ್ಲಿ ತಿರುಗಿಸಿ ಕೂರಿಸಿದೆ. ಸೈರನ್ ಆಯಿತು. ನದಿಯ ಬಾಯಿಗೆ ಸ್ಮೆಲ್ಟ್ ಮೀನು ಬಂದಿದೆ ಎಂದು ಎಲ್ಲರ ಬಾಯಲ್ಲೂ ಅದೇ ಮಾತು. ಕತ್ತಲಾಗುವ ಮೊದಲು ದಡದಲ್ಲಿ ಜಾಗ ಹಿಡಿಯಬೇಕಿತ್ತು. 'ಸೆಟ್ ಆಗಿದೆ' ಎಂದು ಚೀಟಿ ಅಂಟಿಸಿ ಓಡಿದೆ.

ನಾಲ್ಕು ಗಂಟೆಗೆ ವೆಂಡೆಲ್ ಕಟರ್ ಇಳಿಸಿದ. ಜಾಬ್ ತಿರುಗಿ ಕೈಯನ್ನು ಎಳೆದುಕೊಂಡಿತು.

ಅವನನ್ನು ಬಿಡಿಸುವ ಗಡಿಬಿಡಿಯಲ್ಲಿ ಎರಡೂ ಕ್ಲಾಂಪ್ ಕಿತ್ತು ಬಿಸಾಕಿದ್ದರು. ಯಾವುದು ಬಿಗಿ, ಯಾವುದು ಸಡಿಲ ಎಂದು ಯಾರಿಗೂ ಗೊತ್ತಾಗಲಿಲ್ಲ. ಮಧ್ಯಾಹ್ನ ಅವನು ಊಟದ ಜೊತೆ ಒಂದು ಬಿಯರ್ ಕುಡಿದಿದ್ದನ್ನು ಯಾರೋ ನೋಡಿದ್ದರು. ಫೋರ್‌ಮನ್ ವರದಿಯಲ್ಲಿ ಬರೆದ: ಕೆಲಸಗಾರನ ಅಜಾಗರೂಕತೆ.

ಮೊದಲ ದಿನ ನಾನು ಸುಮ್ಮನಿದ್ದೆ. ಎರಡನೇ ದಿನ ಹೇಳುವುದು ಮೊದಲ ದಿನಕ್ಕಿಂತ ಕಷ್ಟವಾಗಿತ್ತು. ಹಾಗೇ ಇಪ್ಪತ್ತಾರು ವರ್ಷ.

ಅಕ್ಟೋಬರ್ 8, ಮಂಗಳವಾರ

ವೆಂಡೆಲ್ ಬಂದಿದ್ದ. ಕಾಲೆಟ್ಟಿನಲ್ಲಿ ಹಿಡಿದು ನೋಡಿದೆವು — ಸೀಳು ಬಿಟ್ಟ ಉಕ್ಕಿನ ಬಳೆ, ಸುತ್ತಲೂ ಒಂದೇ ಸಮ ಒತ್ತುತ್ತದೆ. ಅಪ್ಪಚ್ಚಿಯಾಗಲಿಲ್ಲ. ಆದರೆ ಕೇಸ್ ಮೇಲಕ್ಕೆ ಹೋದಂತೆ ಸಪೂರ, ಕಾಲೆಟ್ಟಿನ ಒಳಗು ನೇರ. ಬುಡದಲ್ಲಿ ಮಾತ್ರ ಹಿಡಿತ. ಮೇಲೆ ಕತ್ತು ಗಡಗಡ ನಡುಗಿ ಅಂಚು ಗರಗಸದ ಹಲ್ಲಿನ ಹಾಗೆ ಬಂತು. ಜೊತೆಗೆ ಬಿಗಿ ಮಾಡಿದಾಗಲೆಲ್ಲ ಕಾಲೆಟ್ ಕೇಸನ್ನು ಕೆಳಕ್ಕೆ ಎಳೆಯುತ್ತದೆ, ಒಮ್ಮೆ ಎರಡು ಥೌ, ಒಮ್ಮೆ ಆರು ಥೌ. ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು; ಕೂದಲಿನ ದಪ್ಪ ಮೂರು ಥೌ. ನಾಲ್ಕು ಕೇಸ್ ಕತ್ತರಿಸಿದರೆ ನಾಲ್ಕು ಉದ್ದ.

ವೆಂಡೆಲ್ ವೈಸಿನ ಬೋಲ್ಟ್ ಅಲ್ಲಾಡಿಸಿ ನೋಡಿದ. ಮತ್ತೆ ನೋಡಿದ. ನಾನು ಕಟರ್ ಇಳಿಸುವ ಮೊದಲು ಇನ್ನೊಮ್ಮೆ.

"ಮೂರು ಸಲ ಆಯ್ತಲ್ಲೋ," ಅಂದೆ.

"ಮನೇಲಿ ಸ್ಟೌವ್ ಆರ್ಸಿದೀನಾ ಅಂತ ನಾಲ್ಕು ಸಲ ನೋಡ್ತೀನಿ. ಕಾರ್ ಲಾಕ್ ಐದು ಸಲ. ಹೆಂಡ್ತಿ ಡಾರ್ಲಾಗೆ ಸಾಕಾಗಿಹೋಗಿದೆ." ನಕ್ಕ. "ಅವತ್ತು ಆ ಒಂದು ಬಿಯರ್ ಕುಡೀದೇ ಇದ್ದಿದ್ರೆ ಕ್ಲಾಂಪ್ ನೋಡಿರ್ತಿದ್ದೆ. ಅವತ್ತಿಂದ ಒಂದು ಹನಿ ಮುಟ್ಟಿಲ್ಲ. ಮಷಿನ್ನೂ ಮುಟ್ಟಿಲ್ಲ. ಸ್ಟೋರ್ ರೂಮಲ್ಲೇ ಸರ್ವೀಸ್ ಮುಗಿಸಿದೆ. ನನ್ನ ಕಣ್ಣನ್ನ ನಾನೇ ನಂಬಲ್ಲ ಕಣೋ."

ತಪ್ಪು ಅವನದೇ ಎಂದು ಎಲ್ಲರೂ ಅಂದುಕೊಂಡಿದ್ದಾರೆ ಎಂದಷ್ಟೇ ಇಷ್ಟು ವರ್ಷ ತಿಳಿದಿದ್ದೆ. ಅವನೂ ಹಾಗೇ ಅಂದುಕೊಂಡಿದ್ದಾನೆ ಎಂದು ಗೊತ್ತಿರಲಿಲ್ಲ. ಇವತ್ತು ಗೊತ್ತಾಯಿತು.

ಕಾಫಿ ಮಾಡಿದೆ. ಹೇಳಬೇಕೆಂದು ಬಾಯಿ ತೆರೆದೆ. "ಸಕ್ಕರೆ ಬೇಕಾ?" ಎಂದು ಬಂತು.

ಅಕ್ಟೋಬರ್ 14, ಸೋಮವಾರ

ನಡುಕಕ್ಕೆ ಔಷಧ ಸಿಕ್ಕಿತು. ಕಟರ್‌ನ ನಡುವಿಗೆ ಒಂದು ಕಡ್ಡಿ ಕೂರಿಸಿದೆ, ಕತ್ತಿನ ಒಳಗೆ ಸರಿಯಾಗಿ ಇಳಿಯುವಷ್ಟು ದಪ್ಪ. ಕಟರ್ ಕತ್ತರಿಸುವಾಗ ಕಡ್ಡಿ ಒಳಗಿನಿಂದ ಆಧಾರ ಕೊಡುತ್ತದೆ. ಅಂಚು ಕನ್ನಡಿ.

ಹಿಡಿತ ಇನ್ನೂ ಬಾಕಿ. ಕಾಲೆಟ್ ಬಿಟ್ಟೆ. ಅಲ್ಯೂಮಿನಿಯಮ್ಮಿನ ಎರಡು ಗಟ್ಟಿ ತಗೊಂಡೆ. ಎರಡನ್ನೂ ಜೋಡಿಸಿ, ನಡುವೆ ಕೇಸಿನ ಓರೆಗೆ ಸರಿಯಾಗಿ ಕುಳಿ ಕೊರೆಯುವುದು — ಪುಸ್ತಕ ಮುಚ್ಚಿದಂತೆ ಎರಡು ಹೋಳು ಕೇಸನ್ನು ಮುಚ್ಚಿಕೊಳ್ಳಬೇಕು. ಬುಡದಿಂದ ಹೆಗಲಿನವರೆಗೆ ಎಲ್ಲಾ ಕಡೆ ಮುಟ್ಟುತ್ತದೆ, ಎಲ್ಲೂ ಹಿಸುಕುವುದಿಲ್ಲ. ಬುಡ ಕೆಳಗಿನ ಉಕ್ಕಿನ ತಟ್ಟೆಯ ಮೇಲೆ ನಿಲ್ಲುತ್ತದೆ. ಅಳತೆ ಶುರುವಾಗುವುದೇ ಬುಡದಿಂದ. ಕೆಳಕ್ಕೆ ಎಳೆಯಲು ಯಾರೂ ಇಲ್ಲ.

ಕೊರೆಯುವಾಗ ಎರಡು ಹೋಳಿನ ನಡುವೆ ಒಂದು ಇಸ್ಪೀಟ್ ಎಲೆ ಇಡಬೇಕು. ಆಮೇಲೆ ತೆಗೆದರೆ ಎಲೆಯ ದಪ್ಪದಷ್ಟು ಹಿಡಿತ ಉಳಿಯುತ್ತದೆ. ಅಪ್ರೆಂಟಿಸ್ ಆಗಿದ್ದಾಗ ಕಲಿತದ್ದು.

ಮಾರ್ಸಿ ಸಂಜೆ ಎಲೆ ಎಣಿಸಿದಳು. "ಐವತ್ತೊಂದಿದೆ. ಇಸ್ಪೀಟ್ ಆರು ಎಲ್ಲಿ?"

"ಡ್ಯೂಟಿ ಮೇಲಿದೆ."

"ಅದರಲ್ಲಿ ತೂತು?"

"ದೊಡ್ಡದು."

"ನಾಳೆ ಹೊಸ ಪ್ಯಾಕ್ ತಂದು ಆಟಕ್ಕೆ ಕೂತ್ಕೋ. ಇಲ್ದಿದ್ರೆ ಸೌನಾ ಒಲೆಗೆ ನೀನೇ ಸೌದೆ ಒಡಿ."

ಅಕ್ಟೋಬರ್ 17, ಗುರುವಾರ

ಹೋಳುಗಳು ಕೂತವು. ಮುಚ್ಚಲು ವೈಸಿನ ಹಿಡಿ ತಿರುಗಿಸುವುದು ಬೇಡವೆಂದು ಒಂದು ಲಿವರ್ ಮಾಡಿದೆ. ಅಂಗೈಯಲ್ಲಿ ಒತ್ತಿದರೆ ಸಾಕು, ಬೆರಳು ಬೇಕಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ವೆಂಡೆಲ್ ತಾನೇ ಎಡಗೈ ಅಂಗೈ ಇಟ್ಟು ಒತ್ತಿದ. ಎತ್ತಿದ. ಮತ್ತೆ ಒತ್ತಿದ.

"ಇದನ್ನ ನಂಗೋಸ್ಕರ ಮಾಡಿದ್ಯಾ?"

"ಲಿವರ್ ಮಾಡೋದು ಸುಲಭ."

"ಸುಳ್ಳು. ಇದಕ್ಕೆ ಎರಡು ದಿನ ಬೇಕು. ನಾನೂ ಇದೇ ಕೆಲಸ ಮಾಡಿದವನು."

ಮೂರು ಕೇಸ್ ಕತ್ತರಿಸಿದೆ. ಮೂರರ ಉದ್ದ ಒಂದೇ. ಕ್ಯಾಲಿಪರ್ ನಂಬದೆ ಮೈಕ್ರೋಮೀಟರ್ ಹಿಡಿದೆವು. ಒಂದೇ!

"ಉಳಿದದ್ದು ನೀನೇ ಮಾಡು ಬಾ," ಅಂದೆ.

ಮಷಿನ್ನಿನಿಂದ ಒಂದು ಹೆಜ್ಜೆ ಹಿಂದೆ ಸರಿದ. "ಬೇಡಪ್ಪ. ನಾನು ಮುಟ್ಟಿದ್ರೆ ಏನಾದ್ರೂ ಒಂದಾಗತ್ತೆ."

ಅವನ ಮುಖ ನೋಡಲಾಗಲಿಲ್ಲ. ಚೂರುಪಾರು ಗುಡಿಸುತ್ತಾ ನಿಂತೆ.

ಅಕ್ಟೋಬರ್ 22, ಮಂಗಳವಾರ

ಹೇಳಿದೆ.

ಹತ್ತು ಗಂಟೆಗೆ ಬಂದ. ಡಾರ್ಲಾ ಮಾಡಿದ, ಮಾಂಸ-ಆಲೂಗಡ್ಡೆ ತುಂಬಿದ ಪ್ಯಾಸ್ಟಿ ಎರಡು ತಂದಿದ್ದ, ಇನ್ನೂ ಬಿಸಿ. ಜಾಕೆಟ್ ತೆಗೆದು, ಅಭ್ಯಾಸದಂತೆ ಹೋಳುಗಳ ಬೋಲ್ಟ್ ಒಂದೊಂದೇ ಅಲ್ಲಾಡಿಸಿ ನೋಡತೊಡಗಿದ. ಒಂದು, ಎರಡು, ಮೂರು, ನಾಲ್ಕು. ಮತ್ತೆ ಒಂದರಿಂದ.

"ವೆಂಡೆಲ್, ಅವತ್ತು ತಪ್ಪು ನಿಂದಲ್ಲ."

"ಯಾವತ್ತು?"

"ಎಡಗಡೆ ಕ್ಲಾಂಪ್ ನಾನು ಬಿಗಿ ಮಾಡಿರ್ಲಿಲ್ಲ. ಕೈಯಲ್ಲಿ ತಿರುಗಿಸಿ ಬಿಟ್ಟಿದ್ದೆ. ಸೆಟ್ ಆಗಿದೆ ಅಂತ ಚೀಟಿ ಅಂಟಿಸಿ ಮೀನು ಹಿಡಿಯೋಕೆ ಹೋದೆ. ಬಿಯರಿಂದ ಅಲ್ಲ. ನನ್ನಿಂದ."

ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಬೆಂಚಿನ ಮೇಲೆ ಮೆಲ್ಲಗೆ ಇಟ್ಟ. ಬೀಳಿಸಿದ್ದರೂ ಚೆನ್ನಾಗಿತ್ತು.

"ಎಡಗಡೇದು," ಅಂದ.

"ಹೌದು."

"ಕಟರ್ ಇಳಿಸೋ ಮೊದಲು ಎರಡನ್ನೂ ನಾನು ಕಣ್ಣಲ್ಲಿ ನೋಡಿದ್ದೆ. ನಟ್ ಕೂತಿತ್ತು. ನೋಡಿದ್ದೆ ಅಂತ ಎಲ್ಲರಿಗೂ ಹೇಳ್ದೆ. ಯಾರೂ ನಂಬ್ಲಿಲ್ಲ. ಆಮೇಲಾಮೇಲೆ ನಂಗೇ ನಂಬಿಕೆ ಹೋಯ್ತು."

"ನೋಡೋಕೆ ಬಿಗಿಯಾದ ಹಾಗೇ ಕಾಣ್ತಿತ್ತು."

ಜಾಕೆಟ್ ಹಾಕಿಕೊಂಡ. ಝಿಪ್ಪಿಗೆ ಹೊತ್ತು ಹಿಡಿಯಿತು, ಆ ಕೈಗೆ ಹಿಡಿಯುತ್ತದೆ. ಸಹಾಯ ಮಾಡಲು ಧೈರ್ಯವಾಗಲಿಲ್ಲ. ಬಾಗಿಲಲ್ಲಿ ನಿಂತು ಕೇಳಿದ,

"ಅವತ್ತು ಎಷ್ಟು ಮೀನು ಸಿಕ್ತು?"

"ಎರಡು ಬಕೆಟ್."

ಹೋದ. ಪಿಕಪ್ ಅಂಗಳದಲ್ಲೇ ತುಂಬಾ ಹೊತ್ತು ನಿಂತಿತ್ತು. ಎಂಜಿನ್ ಹಚ್ಚಿರಲಿಲ್ಲ.

ಪ್ಯಾಸ್ಟಿ ಬೆಂಚಿನ ಮೇಲೆ ಹಾಗೇ ಇದೆ. ತಿನ್ನುವುದು ಹೇಗೆ, ಬಿಸಾಕುವುದು ಹೇಗೆ.

ಅಕ್ಟೋಬರ್ 23, ಬುಧವಾರ

ಮಾರ್ಸಿಗೂ ಹೇಳಿದೆ. ಬಟ್ಟೆ ಮಡಚುತ್ತಿದ್ದಳು. ಕೈ ನಿಂತಿತು.

"ಆ ಮೀನು ನಾನೇ ಕರಿದೆ," ಅಂದಳು. "ಫೋನ್ ಬಂದಾಗ ಬಾಣಲಿ ಒಲೆ ಮೇಲಿತ್ತು. ವೆಂಡೆಲ್ ಕೈ ಹೋಯ್ತು ಅಂತ ನಿಂಗೆ ನಾನೇ ಹೇಳ್ದೆ. ನೀನು ಏನೂ ಮಾತಾಡ್ಲಿಲ್ಲ. ಗೆಳೆಯನ ಚಿಂತೆ ಅಂದ್ಕೊಂಡೆ."

"ಚಿಂತೆನೂ ಇತ್ತು."

"ಇತ್ತು ಬಿಡು."

ಮಡಚಿದ ಬಟ್ಟೆ ಎತ್ತಿಕೊಂಡು ಹೋದಳು. ನನ್ನವನ್ನು ಕುರ್ಚಿಯ ಮೇಲೆ ಬಿಟ್ಟಿದ್ದಳು. ನಾನೇ ಒಳಗಿಟ್ಟುಕೊಂಡೆ.

ನವೆಂಬರ್ 1, ಶುಕ್ರವಾರ

ಒಂಬತ್ತು ದಿನ ಏನೂ ಬರೆದಿಲ್ಲ. ಬರೆಯಲು ಇರಲಿಲ್ಲ. ಮೊದಲ ಹಿಮ ಬಿತ್ತು, ಕರಗಿತು. ಅವನ ರೈಫಲ್ ಇನ್ನೂ ಇಲ್ಲೇ, ಕಂಬಳಿಯಲ್ಲಿ. ಕೇಸುಗಳೂ ಇಲ್ಲೇ. ಅವನಿಲ್ಲದೆ ಕತ್ತರಿಸಲು ಮನಸ್ಸಾಗಲಿಲ್ಲ. ಕತ್ತರಿಸಿ ಕಳಿಸಿದರೆ ಲೆಕ್ಕ ಮುಗಿಸಿಕೊಂಡ ಹಾಗೆ.

ಇವತ್ತು ಎರಡು ಗಂಟೆಗೆ ಬಂದ. ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು,

"ಡಾರ್ಲಾಗೆ ಹೇಳ್ಬೇಕು. ನಾನು ಹೇಳಿದ್ರೆ ಸಬೂಬು ಅಂತಾಳೆ. ಕ್ಲಾಂಪ್ ನೋಡಿದ್ದೆ ಅಂತ ಹಿಂದೆ ಹೇಳಿದ್ನಲ್ಲ, ಅವಾಗ್ಲೂ ಅಂದ್ಲು. ನೀನೇ ಬಂದು ಹೇಳು. ಭಾನುವಾರ ಚರ್ಚ್ ಮುಗಿಸ್ಕೊಂಡು."

"ಬರ್ತೀನಿ."

"ಬರ್ತೀನಿ ಅಂದ್ರೆ ಬರ್ಬೇಕು."

"ಬರ್ತೀನಿ ವೆಂಡೆಲ್."

ನವೆಂಬರ್ 3, ಭಾನುವಾರ

ಮಾರ್ಸಿಯೂ ಬಂದಳು. ಕರೆದಿರಲಿಲ್ಲ. ಕಾರಿನಲ್ಲಿ ಬಂದು ಕೂತಿದ್ದಳು.

ಡಾರ್ಲಾ ಅಡಿಗೆಮನೆಯಲ್ಲಿ ಹಿಟ್ಟು ಲಟ್ಟಿಸುತ್ತಿದ್ದಳು. ಸೀಸನ್ನಿಗೆಂದು ಮೂವತ್ತು ಪ್ಯಾಸ್ಟಿ ಮಾಡಿ ಫ್ರೀಜರಿನಲ್ಲಿಡುತ್ತಾಳಂತೆ. "ಕೂತ್ಕೊಳ್ಳಿ ಒನ್ನಿ," ಅಂದಳು. ನಿಂತೇ ಹೇಳಿದೆ. ಕ್ಲಾಂಪ್, ಚೀಟಿ, ಮೀನು. ಎಲ್ಲ ಸೇರಿ ಒಂದು ನಿಮಿಷವೂ ಆಗಲಿಲ್ಲ. ಇಷ್ಟೇ ಇಷ್ಟು ಮಾತು.

ಲಟ್ಟಣಿಗೆ ನಿಲ್ಲಲಿಲ್ಲ. ಹಿಟ್ಟು ತೆಳ್ಳಗಾಗುತ್ತಾ ಹೋಯಿತು, ನಡುವೆ ಹರಿಯಿತು, ಆಗ ನಿಲ್ಲಿಸಿದಳು. ನನ್ನ ಕಡೆ ತಿರುಗಲಿಲ್ಲ. ಗಂಡನ ಕಡೆ ತಿರುಗಿದಳು.

"ಇಪ್ಪತ್ತಾರು ವರ್ಷ ನೀನು ಹೊರಗಿಂದ ಬಂದಾಗಲೆಲ್ಲ ಬಾಗಿಲಲ್ಲಿ ಮುತ್ತು ಕೊಡ್ತೀನಲ್ಲ, ಅದು ಮುತ್ತಲ್ಲ ವೆಂಡೆಲ್. ನಾನು ನಿನ್ನ ಬಾಯಿ ಮೂಸ್ತಿದ್ದೆ."

"ಗೊತ್ತು," ಅಂದ ವೆಂಡೆಲ್.

"ಗೊತ್ತಿತ್ತಾ?"

"ಮೂಸೋಕಾದ್ರೂ ಹತ್ರ ಬರ್ತಾಳಲ್ಲ ಅಂದ್ಕೋತಿದ್ದೆ."

ಅವಳು ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಮುಖವೆಲ್ಲ ಬಿಳಿ. ಮಾರ್ಸಿ ಒಲೆ ಆರಿಸಿದಳು, ಏನೋ ಹೊತ್ತುತ್ತಿತ್ತು.

ಆಮೇಲೆ ಡಾರ್ಲಾ ನನ್ನ ಕಡೆ ನೋಡಿದಳು. "ನೀವು ಈಗ ಹೋಗಿ. ನಿಮ್ಮ ಮೇಲೆ ಸಿಟ್ಟು ಮಾಡ್ಕೊಳ್ಳೋದಿದೆ, ಮಾಡ್ಕೋತೀನಿ. ಇವತ್ತು ಪುರುಸೊತ್ತಿಲ್ಲ. ಮೊದ್ಲು ಇವನ ಹತ್ರ ನಾನು ಕ್ಷಮೆ ಕೇಳ್ಬೇಕು."

ವಾಪಸು ಬರುವಾಗ ಕಾರು ಮಾರ್ಸಿಯೇ ಓಡಿಸಿದಳು. ಅರ್ಧ ದಾರಿಯಲ್ಲಿ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಳು. ತಿರುವು ಬಂತು, ತೆಗೆದಳು.

ನವೆಂಬರ್ 8, ಶುಕ್ರವಾರ

ಬೆಳಿಗ್ಗೆಯಿಂದ ಹಿಮ. ಒಂಬತ್ತಕ್ಕೆ ವೆಂಡೆಲ್. ಈ ಸಲ ಒಳಗೆ ಬಂದ. ಜಾಕೆಟ್ ಮೊಳೆಗೆ ಸಿಕ್ಕಿಸಿದ. ಮಷಿನ್ ಮುಂದೆ ನಿಂತ.

"ಹೋಳು ಬಿಚ್ಚು. ನಾನೇ ಮೊದಲಿಂದ ಕಟ್ತೀನಿ."

ಬಿಚ್ಚಿದೆ. ಬ್ರಷ್ಷಿನಲ್ಲಿ ಟೇಬಲ್ ಗುಡಿಸಿದ, ಉಕ್ಕಿನ ತಟ್ಟೆಯ ಮೇಲೆ ಅಂಗೈ ಆಡಿಸಿ ಕಸ ಇಲ್ಲವೆಂದು ನೋಡಿದ. ಹೋಳು ಕೂರಿಸಿದ. ಡಯಲ್ ಗೇಜ್ ಇಟ್ಟು ನೇರ ಮಾಡಿದ. ಆ ಕೈಗಳು ಏನನ್ನೂ ಮರೆತಿಲ್ಲ. ಎಡಗೈ ಮಾಡಲಾರದ್ದನ್ನು ಮೊಣಕೈ ಮಾಡುತ್ತಿತ್ತು, ಸೊಂಟ ಮಾಡುತ್ತಿತ್ತು. ಬೋಲ್ಟ್ ಬಿಗಿದ. ಒಂದೊಂದೂ ಒಂದೇ ಸಲ.

"ಈಗ ನೀನು ಹೊರಗೆ ನಿಂತ್ಕೋ."

"ಚಳಿ ಕಣೋ."

"ಟೋಪಿ ಹಾಕ್ಕೋ."

ಹೋಗಿ ಹಿಮದಲ್ಲಿ ನಿಂತೆ. ಮಷಿನ್ ಶುರುವಾಯಿತು. ಕಟರ್ ಇಳಿಯುವುದು ಕಿವಿಗೇ ಗೊತ್ತಾಗುತ್ತದೆ. ಸಣ್ಣಗೆ ಸುಯ್ ಎನ್ನುತ್ತದೆ, ನಿಲ್ಲುತ್ತದೆ. ಲಿವರ್ ಟಕ್. ಮತ್ತೆ ಟಕ್. ಸುಯ್. ಒಂದು... ಎರಡು... ನಡುವೆ ಒಮ್ಮೆ ಬಹಳ ಹೊತ್ತು ಸದ್ದಿಲ್ಲ. ಬಾಗಿಲ ಹಿಡಿಗೆ ಕೈ ಹೋಯಿತು. ತೆಗೆಯಲಿಲ್ಲ. ಮತ್ತೆ ಸುಯ್.

ಇಪ್ಪತ್ತು ಆದ ಮೇಲೆ ಕರೆದ. ಬೆಂಚಿನ ಮೇಲೆ ಸಾಲಾಗಿ ನಿಲ್ಲಿಸಿದ್ದ. ಮೈಕ್ರೋಮೀಟರ್ ನನ್ನ ಕೈಗೆ ಕೊಟ್ಟ. ಮೊದಲನೆಯದಕ್ಕೂ ಕೊನೆಯದಕ್ಕೂ ಒಂದು ಥೌ ವ್ಯತ್ಯಾಸ.

"ನನ್ನದಕ್ಕಿಂತ ಚೆನ್ನಾಗಿದೆ," ಅಂದೆ. ನಿಜವೇ.

ಸ್ಟೂಲಿನ ಮೇಲೆ ಕೂತ. ಬೆವರಿದ್ದ.

"ಕ್ಷಮಿಸಿದೀನಿ ಅಂತ ಅಂದ್ಕೋಬೇಡ ಒನ್ನಿ. ಅದು ಇನ್ನೂ ನಂಗೆ ಗೊತ್ತಿಲ್ಲ. ರಾತ್ರಿ ಒಮ್ಮೊಮ್ಮೆ ಎದ್ದು ಕೂತ್ಕೋತೀನಿ, ನಿನ್ನ ಕುತ್ತಿಗೆ ಹಿಸುಕಬೇಕು ಅನ್ಸತ್ತೆ."

"ಅನ್ಸೋದೇ."

"ಆದ್ರೆ ನೋಡು." ಬಲಗೈ ಚಾಚಿದ. "ನಡುಗ್ತಿಲ್ಲ."

ನವೆಂಬರ್ 10, ಭಾನುವಾರ

ಜಲ್ಲಿ ಕ್ವಾರಿಗೆ ಹೋಗಿದ್ದೆವು. ಮನೆಯಲ್ಲಿ ವೆಂಡೆಲ್ ಹನ್ನೆರಡು ತೋಟಾ ತುಂಬಿಸಿ ತಂದಿದ್ದ. ಹಳೇ ರೈಫಲ್, ಹೊಸದಾಗಿ ಮಾಡಿದ ಕೇಸ್ — ಮೊದಲ ಗುಂಡನ್ನು ಭುಜಕ್ಕೆ ಇಟ್ಟು ಹೊಡೆಯುವ ದಡ್ಡತನ ಇಬ್ಬರಿಗೂ ಇಲ್ಲ. ಟ್ರಾಕ್ಟರ್ ಟೈರಿಗೆ ರೈಫಲ್ ಬಿಗಿದು, ಟ್ರಿಗರಿಗೆ ಹಗ್ಗ ಕಟ್ಟಿ, ಪಿಕಪ್ ಹಿಂದೆ ಕೂತು ಎಳೆದ.

ಢಂ. ಸೀಡರ್ ಮರಗಳಿಂದ ಹಿಮ ಉದುರಿತು.

ರೈಫಲ್ಲಿನ ಹಿಂದಿನ ಬೋಲ್ಟ್ ಸಲೀಸಾಗಿ ತೆರೆಯಿತು. ಕೇಸ್ ಹೊರಗೆ ಬಂತು — ಸೀಳಿಲ್ಲ, ಉಬ್ಬಿಲ್ಲ, ಕತ್ತಿನ ಅಂಚು ಇಟ್ಟ ಹಾಗೇ ಇದೆ. ಇನ್ನೂ ಎರಡು ಹಾಗೇ ಹೊಡೆದು ಆಮೇಲೆ ಭುಜಕ್ಕಿಟ್ಟ. ಐವತ್ತು ಗಜದಲ್ಲಿ ಕಾಫಿ ಡಬ್ಬ. ಎರಡನೆಯದಕ್ಕೆ ಹಾರಿತು.

"ಅಪ್ಪ ಇದ್ದಿದ್ರೆ ಮೊದಲನೇದಕ್ಕೇ ಯಾಕೆ ಹಾರ್ಲಿಲ್ಲ ಅಂತಿದ್ದ," ಅಂದ.

ನವೆಂಬರ್ 12, ಮಂಗಳವಾರ

ಮಾರ್ಸಿ ಕ್ರಿಬೇಜ್ ಆಡುತ್ತಾ, ಎಲೆಗಳಿಂದ ತಲೆ ಎತ್ತದೆ: "ಇನ್ನೊಂದು ಕಡೆ ಬಾಕಿ ಇದೆ ಅಲ್ವಾ?"

ಯಾವ ಕಡೆ ಎಂದು ಕೇಳಬೇಕಾಗಿರಲಿಲ್ಲ. ಗುರುವಾರ ಗಣಿ ಯೂನಿಯನ್ನಿನ ಹಾಲ್‌ನಲ್ಲಿ ರಿಟೈರಾದವರ ತಿಂಡಿ.

ನವೆಂಬರ್ 14, ಗುರುವಾರ

ಇಪ್ಪತ್ತೆರಡು ಜನ ಇದ್ದರು. ವೆಂಡೆಲ್ ಬಾಗಿಲಲ್ಲಿ ಕಾಣಿಸಿದ ಕೂಡಲೇ ಗಾರ್ಡಿ ನೀಮಿ ಯಾವಾಗಿನಂತೆ ಕೂಗಿದ, "ಬಂದ ನೋಡ್ರೋ ಒಂದ್-ಬಿಯರ್!" ಎಲ್ಲರೂ ಯಾವಾಗಿನಂತೆ ನಕ್ಕರು. ಬೈಗುಳವಲ್ಲ, ಪ್ರೀತಿಯ ಹೆಸರು — ಹಾಗೆಂದೇ ಎಲ್ಲರೂ ಅಂದುಕೊಂಡಿದ್ದೇವೆ. ಆಮೇಲೆ ಅವನ ಹಿಂದೆ ಡಾರ್ಲಾ ಒಳಗೆ ಬಂದಳು. ಹೆಂಗಸರು ಆ ತಿಂಡಿಗೆ ಬರುವುದಿಲ್ಲ. ನಗು ನಿಂತಿತು.

ನಾನು ಹೇಳುತ್ತೇನೆಂದು ವೆಂಡೆಲ್‌ಗೆ ಹೇಳಿರಲಿಲ್ಲ. ಮಾರ್ಸಿ ಡಾರ್ಲಾಗೆ ಫೋನ್ ಮಾಡಿರಬೇಕು.

ಎದ್ದು ನಿಂತೆ. ಚಮಚದಲ್ಲಿ ಲೋಟ ಬಡಿಯಬೇಕೆಂದುಕೊಂಡಿದ್ದೆ, ಬೇಕಾಗಲಿಲ್ಲ. ಹೇಳಿದೆ. ದನಿ ಎರಡು ಕಡೆ ಒಡೆಯಿತು.

ರಸ್ ಪೆಲ್ಕಿ, ನನ್ನ ಜೊತೆ ಮೂವತ್ತು ವರ್ಷ ಊಟದ ಡಬ್ಬಿ ಹಂಚಿಕೊಂಡವನು, ತಟ್ಟೆ ಹಾಗೇ ಬಿಟ್ಟು ಎದ್ದು ಹೋದ. ನನ್ನ ಪಕ್ಕದಿಂದಲೇ ಹೋದ. ತಿರುಗಿ ನೋಡಲಿಲ್ಲ.

ಗಾರ್ಡಿ ಫೋರ್ಕ್ ಕೆಳಗಿಟ್ಟ. "ವೆಂಡೆಲ್... ನಾನು ಪ್ರತಿ ಗುರುವಾರ... ಥೂ, ನಂಗೇನು ಗೊತ್ತಿತ್ತು?"

"ನಂಗೇ ಗೊತ್ತಿರ್ಲಿಲ್ಲ, ನಿಂಗೆ ಹೇಗೆ ಗೊತ್ತಾಗತ್ತೆ?" ಅಂದ ವೆಂಡೆಲ್. "ಪ್ಯಾನ್‌ಕೇಕ್ ಆರ್ತಿದೆ. ತಿನ್ರೋ."

ಡಾರ್ಲಾ ಗಂಡನ ಪಕ್ಕ ಕೂತಳು. ಅವರ ಎದುರಿಗೆ ಒಂದು ಖಾಲಿ ಕುರ್ಚಿ ಇತ್ತು. ನಾನು ನಿಂತೇ ಇದ್ದೆ. ಕಾಲಿನಿಂದ ಆ ಕುರ್ಚಿಯನ್ನು ನನ್ನ ಕಡೆಗೆ ತಳ್ಳಿದಳು, ಮೇಜಿನ ಕೆಳಗಿನಿಂದ. ಮುಖದಲ್ಲಿ ನಗುವಿರಲಿಲ್ಲ.

ಕೂತೆ.

ನವೆಂಬರ್ 15, ಶುಕ್ರವಾರ, ಬೆಳಿಗ್ಗೆ 7:10

ವೆಂಡೆಲ್‌ನ ಅಟ್ಟಣೆಯ ಮೇಲೆ. ನಿನ್ನೆ ಹೊರಡುವಾಗ, "ನಾಳೆ ಐದಕ್ಕೆ ರೆಡಿ ಇರು. ಬರ್ತೀಯಾ ಅಂತ ಕೇಳ್ತಿಲ್ಲ," ಅಂದಿದ್ದ.

ಇಬ್ಬರು ಕೂರುವ ಏಣಿ-ಅಟ್ಟಣೆ, ಹೆಮ್ಲಾಕ್ ಮರಕ್ಕೆ ಪಟ್ಟಿಯಲ್ಲಿ ಕಟ್ಟಿದ್ದು. ಇನ್ನೂ ಮಬ್ಬು. ಹತ್ತುವ ಮೊದಲು ಟಾರ್ಚ್ ಹಿಡಿದು ಪಟ್ಟಿ ಎಳೆದು ನೋಡಲು ಹೋದೆ. ನನ್ನ ಕೈ ಸರಿಸಿದ.

"ನಾನು ಕಟ್ಟಿದೀನಿ. ನೋಡಿದೀನಿ. ಹತ್ತು."

ಹತ್ತಿದೆ. ಸೊನ್ನೆಗಿಂತ ಎಂಟು ಡಿಗ್ರಿ ಕೆಳಗೆ. ಪೆನ್ನು ಹೆಪ್ಪುಗಟ್ಟಿತು, ಪೆನ್ಸಿಲ್ ತೆಗೆದೆ. ಅವನ ಅಪ್ಪನ ರೈಫಲ್ ತೊಡೆಯ ಮೇಲಿದೆ. ಕೆಳಗೆ ತೊರೆಯ ಆಚೆ ಹಿಮದ ಮೇಲೆ ಹೆಜ್ಜೆ ಗುರುತು, ಇವತ್ತಿನದೇ. ಬೆಳಕು ಬರುತ್ತಿದೆ — ಮೊದಲು ಬರ್ಚ್ ಮರಗಳು, ಆಮೇಲೆ ಅವುಗಳ ನಡುವಿನ ಜಾಗ. ಇಬ್ಬರೂ ಮಾತಾಡಿಲ್ಲ, ಒಂದು ಗಂಟೆಯಾಯಿತು. ಇಷ್ಟು ಹೊತ್ತು ಒಟ್ಟಿಗೆ ಸುಮ್ಮನೆ ಕೂತದ್ದು ಇದೇ ಮೊದಲು. ಪಾಳಿ ಬೇರೆ ಬೇರೆಯಿತ್ತಲ್ಲ.

ಮೊಣಕೈಯಿಂದ ತಿವಿಯುತ್ತಿದ್ದಾನೆ. ಪೆನ್ಸಿಲ್ ಗೀಚುವ ಸದ್ದು ಕೆನಡಾದವರೆಗೂ ಕೇಳುತ್ತಿದೆಯಂತೆ, ಒಂದು ಜಿಂಕೆಯೂ ಈ ಕಡೆ ಸುಳಿಯುವುದಿಲ್ಲವಂತೆ. ಇನ್ನೊಂದೇ ಸಾಲು ಅಂದೆ. ಇಲ್ಲ ಅನ್ನುತ್ತಿದ್ದಾನೆ. ತೊರೆಯಾಚೆ ಏನೋ ಅಲ್ಲಾಡುತ್ತಿದೆ —